ಗಡಿಯಾರ ನಂಬಿ ಜಾತಕ ಬರೆದಿದ್ದು

ಗಡಿಯಾರಕ್ಕೂ ನನಗೂ ಯಾವ ಜನ್ಮದ ಹಗೆಯೋ ಗೊತ್ತಿಲ್ಲ ಕಣ್ರೀ, ಭೂಮಿ ಮೇಲೆ ಎಲ್ಲಿ ಒಂದು ಗಂಟೆ ಹೆಚ್ಚುಕಮ್ಮಿ ಆದ್ರೂ ಅದು ನೆಟ್ಟಗೆ ನಮ್ಮನೆ ಬಾಗಿಲಿಗೇ ಬರುತ್ತೆ.

ತೊಂಬತ್ತರ ದಶಕ. ನೌಕರಿಯಿಂದ ವಾಲಂಟರಿ ತಗೊಂಡು, ಒಂಟಿಕೊಪ್ಪಲಿನ ನಮ್ಮನೆ ಹಾಲ್‌ನಲ್ಲೇ ಕಂಪ್ಯೂಟರ್ ಜಾತಕದ ಅಂಗಡಿ ಇಟ್ಟೆ. ಆಟೋದಿಂದ ಕಂಪ್ಯೂಟರ್ ಇಳಿಸೋದು ನೋಡೋಕೆ ಸಾವಿರ ಜನ ಸೇರಿದ್ರು, ಅದೂ ಕಮ್ಮಿ ಹೇಳ್ತಿದೀನಿ. ಪ್ರಿಂಟರ್ ಕಿರಗುಟ್ಟೋ ಸದ್ದಿಗೆ ಬೀದಿ ಗಿಳಿಗಳೆಲ್ಲ ಮರ ಖಾಲಿ ಮಾಡಿ ಚಾಮುಂಡಿ ಬೆಟ್ಟಕ್ಕೆ ಹೋಗ್ಬುಟ್ವು. ನನ್ನ ಹೆಂಡತಿಗೆ ಮಾತ್ರ ಇದು ಸುತರಾಂ ಇಷ್ಟವಿಲ್ಲ. ಆ ಹಾಲ್‌ನಲ್ಲಿ ಅವಳ ಭಜನೆ ಗುಂಪು ಕೂರ್ತಿತ್ತು.

"ಮೂರು ಜಾತಕ ತಪ್ಪಾಗ್ಲಿ, ಅಂಗಡಿ ಎತ್ತಿ ನನ್ನ ಹಾಲ್ ನನಗೆ ಕೊಡ್ಬೇಕು" ಅಂತ ಕರಾರು ಮಾಡಿ, ಬಾಗಿಲ ಪಕ್ಕ ಒಂದು ಸೀಮೆಸುಣ್ಣ ಇಟ್ಕೊಂಡ್ಲು. ತಪ್ಪಿಗೊಂದು ಗೀಟು.

ಹುಟ್ಟೋಕೆ ಮುಂಚೆ ಬಂದ ಸುದ್ದಿ

ಮೊದಲನೇ ಗೀಟು ಎಳೆಸಿದ್ದು ಎದುರುಮನೆ ರಿಟೈರ್ಡ್ ಹೆಡ್‌ಮೇಷ್ಟ್ರು. ಅವರ ಮಗಳಿಗೆ ಲಂಡನ್ನಿನಲ್ಲಿ ಹೆಣ್ಣುಮಗು. ಜೂನ್ ತಿಂಗಳು, ಬೆಳಿಗ್ಗೆ ಆರೂ ಹತ್ತು. ಲಂಡನ್ನಿಗೂ ನಮಗೂ ಐದೂವರೆ ಗಂಟೆ ಅಂತ ಸ್ಕೂಲ್ ಮಕ್ಕಳಿಗೂ ಗೊತ್ತು. ಕೂಡಿದೆ, ನಮ್ಮ ಟೈಮು ಹನ್ನೊಂದೂ ನಲವತ್ತು ಬಂತು. ಅದನ್ನೇ ಅಚ್ಚು ಹಾಕಿ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಕೊಟ್ಟೆ.

ಮೇಷ್ಟ್ರು ಕನ್ನಡಕ ಏರಿಸಿ ಪರೀಕ್ಷೆ ಪೇಪರ್ ತಿದ್ದೋ ಹಾಗೆ ಓದಿದ್ರು. "ಅಲ್ಲ ಸ್ವಾಮಿ, ಮಗು ಹುಟ್ತು ಅಂತ ಅಳಿಯಂದ್ರು ಫೋನ್ ಮಾಡಿದ್ದೇ ನಮ್ಮ ಹನ್ನೊಂದು ಗಂಟೆಗೆ. ಆಗಿನ್ನೂ ಮಗು ಹುಟ್ಟೇ ಇರ್ಲಿಲ್ವಾ?"

"ನಿಮ್ಮಳಿಯ ಬಲು ಚುರುಕು ಕಣ್ರೀ ಮೇಷ್ಟ್ರೇ" ಅಂದೆ.

ಆಮೇಲೆ ಗೊತ್ತಾಯ್ತು, ಆ ದೇಶದವರು ಬೇಸಿಗೆ ಬಂದ್ರೆ ಗಡಿಯಾರವನ್ನೇ ಒಂದು ಗಂಟೆ ಮುಂದಕ್ಕೆ ತಿರುಗಿಸ್ಕೋತಾರೆ, ಬಿಸಿಲು ಉಳಿಸೋಕೆ. ಮಗು ಹುಟ್ಟಿದ್ದು ನಮ್ಮ ಹತ್ತೂ ನಲವತ್ತಕ್ಕೆ. ಇದನ್ನೆಲ್ಲ ಹೆಂಡತಿಗೆ ಬಿಡಿಸಿ ಬಿಡಿಸಿ ಹೇಳ್ದೆ. ಅವಳು ಗೀಟು ಎಳೆದು ಕೇಳಿದ್ಲು, "ಉಳಿಸಿದ ಬಿಸಿಲಲ್ಲಿ ಏನ್ಮಾಡ್ತಾರೆ, ಹಪ್ಪಳ ಒಣಗಿಸ್ತಾರಾ?"

ಅಣ್ಣನಿಗಿಂತ ಮುಂಚೆ ಹುಟ್ಟಿದ ತಮ್ಮ

ಮುಂದಿನ ಸಲ ಬಂದೋರು ಶ್ರೀರಾಂಪುರದ ಜವಳಿ ವ್ಯಾಪಾರಿಗಳ ಮನೆ ಅಜ್ಜಿ, ಹಣೆ ತುಂಬ ವಿಭೂತಿ. ಅಮೆರಿಕದಲ್ಲಿ ಅವರ ಸೊಸೆಗೆ ಅವಳಿ ಗಂಡುಮಕ್ಕಳು. ಹಿರಿಯವನಿಗೇ ಮನೆದೇವರ ಹೆಸರಿಡೋದು ಅವರ ವಂಶದ ಪದ್ಧತಿ. ಆಸ್ಪತ್ರೆ ಚೀಟೀಲಿ ಮೊದಲನೆಯದು ರಾತ್ರಿ ಒಂದೂ ಐವತ್ತು, ಎರಡನೆಯದು ಒಂದೂ ಹತ್ತು ಅಂತಿತ್ತು. ಕಂಪ್ಯೂಟರ್ ಹಿಂದೆಮುಂದೆ ನೋಡ್ದೆ ಒಂದೂ ಹತ್ತರವನನ್ನ ಅಣ್ಣ ಮಾಡ್ತು.

ಆಗಿದ್ದಿಷ್ಟು. ಅವತ್ತು ಅಲ್ಲಿ ಬೇಸಿಗೆ ಟೈಮು ಮುಗಿದ ದಿನ. ಎರಡು ಹೊಡೀಬೇಕಾದ ಗಡಿಯಾರ ವಾಪಸ್ ಒಂದಕ್ಕೆ ಬಂದಿತ್ತು. ಹಾಗಾಗಿ ಇಪ್ಪತ್ತು ನಿಮಿಷ ತಡವಾಗಿ ಹುಟ್ಟಿದೋನು ಅಣ್ಣನ್ನ ಹಿಂದಕ್ಕೆ ಹಾಕ್ಬುಟ್ಟ.

ನಾನು ಕಾಗದ ಎತ್ತಿ ಹಿಡಿದು ಕಂಪ್ಯೂಟರ್ ತಪ್ಪು ಮಾಡಲ್ಲಮ್ಮ ಅಂತ ವಾದಿಸ್ದೆ. ಅಜ್ಜಿ ದನಿ ಏರಿಸ್ಲಿಲ್ಲ. "ಹೆರಿಗೆ ಕೋಣೇಲಿ ಇದ್ದಿದ್ದು ನನ್ನ ಸೊಸೆ. ನಿನ್ನ ಕಂಪ್ಯೂಟರ್ ಎಲ್ಲಿತ್ತಪ್ಪಾ?"

ಬಾಗಿಲ ಪಕ್ಕದಿಂದ ಸೀಮೆಸುಣ್ಣ ಎಳೆದ ಸದ್ದು ಕೇಳಿಸ್ತು. ಭಜನೆ ಗುಂಪು ಆಗಲೇ ತಾಳ ಉಜ್ಜೋಕೆ ಶುರು ಮಾಡಿತ್ತಂತೆ.

ಕಟ್ಟು ಹಾಕಿಸಿದ ಒಂಬತ್ತು

ಉಳಿದಿದ್ದು ಒಂದೇ ಗೀಟು. ಎದ್ದೆನೋ ಬಿದ್ದೆನೋ ಅಂತ ಪಾಲಿಟೆಕ್ನಿಕ್ ಮೇಡಂ ಮನೆಗೆ ಓಡಿದೆ. ನನ್ನ ಪ್ರೋಗ್ರಾಂ ಬರೆದುಕೊಟ್ಟೋರು ಅವರೇ. ಭಾನುವಾರ ತಪ್ಪದೆ ಚರ್ಚಿಗೆ ಹೋಗೋರು, ಜಾತಕದಲ್ಲಿ ಎಳ್ಳಷ್ಟೂ ನಂಬಿಕೆಯಿಲ್ಲ, ಲೆಕ್ಕದಲ್ಲಿ ಮಾತ್ರ ಬೆಟ್ಟದಷ್ಟು.

"ಸಾರ್, ಗಡಿಯಾರ ಸರ್ಕಾರ ತಿರುಗಿಸಿದ ಕಡೆ ತಿರುಗುತ್ತೆ. ಗ್ರೀನಿಚ್ ಟೈಮು ಬೇಸಿಗೆಗೂ ತಿರುಗಲ್ಲ, ಚಳಿಗೂ ತಿರುಗಲ್ಲ. ಒಳಗೆ ಅದನ್ನ ಇಡೋಣ. ಪಕ್ಕದಲ್ಲಿ ಯಾವೂರು, ಅವತ್ತು ಆ ಊರ ಗಡಿಯಾರ ಎಷ್ಟು ತೋರಿಸ್ತಿತ್ತು, ಅದನ್ನೂ ಬರೆದಿಡೋಣ" ಅಂದ್ರು. ಯಾವ ದೇಶ ಯಾವಾಗ ಮುಳ್ಳು ತಿರುಗಿಸ್ತು ಅನ್ನೋ ಪಟ್ಟೀನೂ ತುಂಬಿಕೊಟ್ರು.

ಮನೆಗೆ ಬಂದು, ಎರಡನೆಯವನದು ಮುಳ್ಳು ತಿರುಗಿದ ಮೇಲಿನ ಒಂದೂ ಹತ್ತು ಅಂತ ತಿಳಿಸಿ ಒತ್ತಿ ನೋಡ್ತೀನಿ, ಅವಳಿ ಮಕ್ಕಳು ಅಣ್ಣ ತಮ್ಮ ಅಂತ ಸರಿಯಾಗಿ ಸಾಲಾಗಿ ನಿಂತ್ಕೊಂಡ್ರು. ಮೇಷ್ಟ್ರ ಮೊಮ್ಮಗಳು ಹತ್ತೂ ನಲವತ್ತಕ್ಕೇ ಹುಟ್ಟಿದ್ಲು. ಕುಣಿದುಬಿಟ್ಟೆ. ಆ ಖುಷೀಲೇ ನನ್ನ ಹುಟ್ಟಿದ ಟೈಮನ್ನೂ ಒತ್ತಿದೆ.

ಒತ್ತಿದ್ದೇ ಎಡವಟ್ಟಾಯ್ತು. ಎರಡನೇ ಮಹಾಯುದ್ಧದ ಹೊತ್ತಲ್ಲಿ ನಮ್ಮ ದೇಶದಲ್ಲೂ ಗಡಿಯಾರ ಒಂದು ಗಂಟೆ ಮುಂದಿಟ್ಟಿದ್ರಂತೆ. ನಾನು ಹುಟ್ಟಿದ್ದು ಅದರ ನಟ್ಟನಡುವೆ. ನಮ್ಮಪ್ಪ ಬರೆದಿಟ್ಟ ಏಳೂ ಇಪ್ಪತ್ತು ನಿಜಕ್ಕೂ ಆರೂ ಇಪ್ಪತ್ತು. ಆ ಒಂದು ಗಂಟೇಲಿ ನನ್ನ ನಕ್ಷತ್ರವೇ ಬದಲು. ಮದುವೆಗೆ ಮುಂಚೆ ಜೋಯಿಸರು ಮೂವತ್ತಾರಕ್ಕೆ ಮೂವತ್ತೊಂದು ಗುಣ ಕೂಡುತ್ತೆ, ಶಿವಪಾರ್ವತಿಯರಿಗೂ ಇಷ್ಟು ಕೂಡಿರ್ಲಿಲ್ಲ ಅಂದಿದ್ರು. ಈಗ ಹೆಂಡತಿ ಜಾತಕದ ಜೊತೆ ಹೊಂದಿಸಿದ್ರೆ ಬಂದಿದ್ದು ಒಂಬತ್ತು.

ತಪ್ಪು ಜೋಯಿಸರದ್ದಾದ್ರೂ ಗೀಟು ನನ್ನ ಲೆಕ್ಕಕ್ಕೇ. ಕಾಗದ ಮಡಿಚಿ ಬನಿಯನ್ ಒಳಗೆ ತುರುಕಿದೆ. ಆ ಪ್ರಿಂಟರ್ ಕಾಗದವೋ ಒಂದಕ್ಕೊಂದು ಅಂಟಿಕೊಂಡಿರುತ್ತೆ, ಎರಡು ಗಜ ಬಾಲ ಹೊರಗೆ ನೇತಾಡ್ತಿತ್ತು. ಹೆಂಡತಿ ಬಾಲ ಹಿಡಿದು ಎಳೆದ್ಲು. ಓದಿದ್ಲು. ಇನ್ನೊಂದ್ಸಲ ಓದಿದ್ಲು. ನೆಟ್ಟಗೆ ಬಾಗಿಲ ಕಡೆ ನಡೆದ್ಲು. ಹಾಲ್ ಹೋಯ್ತು ಅಂತ ಕಣ್ಣು ಮುಚ್ಚಿದೆ. ತೆಗೆದು ನೋಡಿದ್ರೆ, ಸೆರಗಿನ ತುದೀಲಿ ಹಳೇ ಎರಡು ಗೀಟನ್ನೂ ಒರೆಸ್ತಿದಾಳೆ.

"ಮೂವತ್ತು ವರ್ಷದಿಂದ ಬಾಯಲ್ಲಿ ಹೇಳ್ತಿದ್ದೆ, ಒಬ್ರೂ ನಂಬ್ಲಿಲ್ಲ. ಅಂಗಡಿ ಇರ್ಲಿ ಬುಡಿ. ಇದಕ್ಕೊಂದು ಕಟ್ಟು ಹಾಕಿಸ್ಕೊಂಡು ಬನ್ನಿ" ಅಂದ್ಲು.

ಗಾಜಿನ ಕಟ್ಟು ಹಾಕ್ಸಿ ಕಂಪ್ಯೂಟರ್ ಮೇಲ್ಗಡೆ ನೇತುಹಾಕಿದ್ದಾಯ್ತು. ಅವತ್ತಿಂದ ಯಾರಾದ್ರೂ ಗಿರಾಕಿ ಈ ಮಿಷಿನ್ ನಂಬಬಹುದಾ ಅಂತ ಅನುಮಾನ ಪಟ್ರೆ ನಾನು ಬಾಯೇ ತೆರೆಯೋ ಹಾಗಿಲ್ಲ. ಅವಳೇ ಅಡುಗೆಮನೆಯಿಂದ ಕೈ ಒರೆಸ್ಕೊಂಡು ಬಂದು ಒಂಬತ್ತರ ಮೇಲೆ ಬೆರಳಿಡ್ತಾಳೆ.

"ಕಣ್ಣು ಮುಚ್ಕೊಂಡು ನಂಬಿ, ಇದು ಸುಳ್ಳು ಹೇಳಲ್ಲ. ನಾನೇ ಸಾಕ್ಷಿ."