ಮಾತಾಡದೆ ಕಲಿತ ಕನ್ನಡ

ಹೈಸ್ಕೂಲಿನಿಂದ ರಿಟೈರ್ ಆದ ಮೇಲೂ ತರಗತಿಯ ಫಜೀತಿಗಳು ನನ್ನನ್ನು ಬಿಟ್ಟಿಲ್ಲ. ಜಯನಗರದ ನಮ್ಮ ಮನೆಯಿಂದ ಪ್ರತಿ ಭಾನುವಾರ ಬಿಟಿಎಂ ಲೇಔಟಿನ ಒಂದು ಅಪಾರ್ಟ್‌ಮೆಂಟಿಗೆ ಹೋಗಿ, ಬೇರೆ ರಾಜ್ಯಗಳಿಂದ ಬಂದವರಿಗೆ ಕನ್ನಡ ಹೇಳಿಕೊಡುತ್ತೇನೆ. ಪಾಠವೆಲ್ಲ ಆಟದಲ್ಲೇ. ಒಬ್ಬರು ಮಾತಾಡದೆ ನಟಿಸಬೇಕು, ಉಳಿದವರು ಅದರ ಕನ್ನಡ ಪದ ಹೇಳಬೇಕು.

ಹೊಟ್ಟೆನೋವು

ಮೊದಲ ದಿನ ನಾನೇ ಶುರುಮಾಡಿದೆ. ಹೊಟ್ಟೆ ಹಿಡಿದುಕೊಂಡು ಮುಖ ಕಿವುಚಿದೆ. ಯಾರೂ ಪದ ಹೇಳಲಿಲ್ಲ. ಪಂಜಾಬಿನ ಅಂಕಲ್ ಒಬ್ಬರು ಮನೆಗೆ ಓಡಿ ಓಮದ ಕಷಾಯ ತಂದರು. ಇದು ಆಟ ಎನ್ನುವಷ್ಟರಲ್ಲಿ ಲೋಟ ಬಾಯಿಗೇ ಬಂತು. ಖಾರಕ್ಕೆ ನನ್ನ ಮುಖ ನಿಜವಾಗಿಯೂ ಕಿವುಚಿತು. ಅಂಕಲ್ ಗಂಭೀರವಾಗಿ ನೋಡಿ, "ಇನ್ನೂ ಕಡಿಮೆ ಆಗಿಲ್ಲ" ಎಂದು ಹಿಂದಿಯಲ್ಲಿ ಹೇಳಿ ಇನ್ನೊಂದು ಲೋಟ ತರಲು ಹೊರಟರು.

ಅಳು

ಕೋಲ್ಕತ್ತದಿಂದ ಮದುವೆಯಾಗಿ ಬಂದ ಹುಡುಗಿಯೊಬ್ಬಳು ತುಟಿ ಬಿಚ್ಚುತ್ತಿರಲಿಲ್ಲ. ಅವಳ ಸರದಿ ಬಂದಾಗ ಕಿವಿಯಲ್ಲಿ 'ಅಳು' ಎಂದು, ಅರ್ಥ ಹೇಳಿದೆ. ಅವಳು ಕಣ್ಣುಜ್ಜಿಕೊಂಡಳು. ಎಲ್ಲರೂ ಉತ್ಸಾಹದಿಂದ "ಅಳು, ಅಳು" ಎಂದರು. ಅವಳು ಬಿಕ್ಕಿ ಬಿಕ್ಕಿ ಅತ್ತೇಬಿಟ್ಟಳು. ಅಮ್ಮ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲವಂತೆ. ನಮಗಾರಿಗೂ ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತು ಬೆನ್ನು ಸವರಿದೆ.

"ಊರಲ್ಲಿ ಎಲ್ಲರೂ ಅಳಬೇಡ ಅಂದ್ರು ಮೇಡಂ. ನೀವೆಲ್ಲ ಅಳು ಅಂದ್ರಿ" ಎಂದಳು ಹರಕುಮುರುಕು ಕನ್ನಡದಲ್ಲಿ. ಆಮೇಲೆ ಮೂಗೊರೆಸಿಕೊಂಡು ಕೇಳಿದಳು, "ಮಾರ್ಕ್ಸ್ ಎಷ್ಟು?"

ಎದೆನೋವು

ಅದೇ ಹುಡುಗಿಯ ಗಂಡನಿಗೆ ಒಂದು ಬೆಳಿಗ್ಗೆ ಎದೆನೋವು ಬಂತು. ಅವನನ್ನು ಹಿಡಿದುಕೊಂಡು ರಸ್ತೆಗೆ ಬಂದು ಆಟೋ ನಿಲ್ಲಿಸಿದಳು. ಗಾಬರಿಯಲ್ಲಿ ಒಂದು ಪದವೂ ಬಾಯಿಗೆ ಬರಲಿಲ್ಲ. ಗಂಡನನ್ನು ತೋರಿಸಿ ತನ್ನ ಎದೆ ಒತ್ತಿಕೊಂಡಳು. ಡ್ರೈವರ್‌ಗೆ ಅಷ್ಟು ಸಾಕಾಯಿತು. ಕೈಸನ್ನೆ ಮಾಡಿ ಹತ್ತಿಸಿಕೊಂಡ. ಬೇಗ ಎಂದು ಇವಳು ಕೈಯಾಡಿಸಿದರೆ, ಹೆದರಬೇಡಿ ಎಂದು ಅವನು ಕನ್ನಡಿಯಲ್ಲೇ ಅಂಗೈ ತೋರಿಸಿದ. ಸಿಗ್ನಲ್‌ನಲ್ಲಿ ಮುಂದಿನ ಗಾಡಿಯವರಿಗೆ ಕೂಗಿ ದಾರಿ ಬಿಡಿಸಿದ. ಆಸ್ಪತ್ರೆಯಲ್ಲಿ ಗಂಡನನ್ನು ಒಳಗೆ ಕರೆದೊಯ್ದ ಮೇಲೂ ಹೋಗದೆ ಬಾಗಿಲಲ್ಲೇ ನಿಂತಿದ್ದ.

ಬಹಳ ಹೊತ್ತಾದ ಮೇಲೆ ಡಾಕ್ಟರ್ ಬಂದು, ಸರಿಯಾದ ಸಮಯಕ್ಕೆ ಕರೆತಂದಿದ್ದೀರಿ, ಇನ್ನು ಅಪಾಯವಿಲ್ಲ ಎಂದರು. ಹುಡುಗಿಗೆ ಆಗ ಉಸಿರು ಬಂತು. ನೇರವಾಗಿ ಡ್ರೈವರ್ ಹತ್ತಿರ ಹೋಗಿ ಕೈಮುಗಿದು, "ನೀವು ನನ್ನ ಗಂಡನ್ನ ಉಳಿಸಿದ್ರಿ ಅಣ್ಣ" ಎಂದಳು.

ಆತ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದ.

"ಅಕ್ಕ, ನಿಮ್ಗೆ ಮಾತು ಬರುತ್ತಾ?"