ಮಂಚದ ಕೆಳಗಿನ ರಕ್ಕಸಪ್ಪ

ಅಂದು ಬೆಳಗ್ಗೆ ಗಾಳಿಗೆ ಎಲ್ಲಿಗೋ ಹೋಗುವ ಅವಸರವಿತ್ತು. ಬೀದಿಯ ಈ ತುದಿಯಿಂದ ಆ ತುದಿಗೆ ಓಡಿ, ಏನೋ ಮರೆತವರಂತೆ ಮತ್ತೆ ಹಿಂದಕ್ಕೆ ಬಂದು, ಒಣಹಾಕಿದ ಬಟ್ಟೆಗಳಿಗೆಲ್ಲ ಜೀವ ಬರಿಸುತ್ತಿತ್ತು. ಆಕಾಶ ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ತಿಳಿಯಾಗಿತ್ತು. ಗಾಳಿ ಹಾಗೇಕೆ ಬೀಸಿತೋ ಬೀಸಿಸಿದವನಿಗೇ ಗೊತ್ತು. ಕಣ್ಣಿಗೆ ಕಂಡದ್ದಿಷ್ಟು: ರಕ್ಕಸಪ್ಪನ ಮಲಗುವ ಕೋಣೆಯ ಕಿಟಕಿ, ವರ್ಷಗಳಿಂದ ಯಾರೆದುರೂ ಬಾಯಿ ಬಿಡದಿದ್ದ ಕಿಟಕಿ, ಧಡಾರನೆ ತೆರೆದುಕೊಂಡಿತು. ಅಂಗಡಿ ತೆರೆಯಲು ಹೊರಟಿದ್ದ ದರ್ಜಿ ತನ್ನ ಪಾಡಿಗೆ ತಾನು ಹೋಗಬಹುದಿತ್ತು. ಇಣುಕಿದ.

ಮಂಚದ ಕೆಳಗಿನಿಂದ ಎರಡು ಪಾದಗಳು ಹೊರಗೆ ಚಾಚಿಕೊಂಡಿದ್ದವು. ಅಲುಗಾಡುತ್ತಿರಲಿಲ್ಲ.

"ಅಯ್ಯಯ್ಯೋ, ರಕ್ಕಸಪ್ಪ ಹೋಗ್ಬಿಟ್ರು!"

ಕೆಟ್ಟ ಸುದ್ದಿಗೆ ಕಾಲು ಬೇಕಿಲ್ಲ, ರೆಕ್ಕೆಯೇ ಇರುತ್ತದೆ. ದರ್ಜಿ ಬಾಯಿ ಮುಚ್ಚುವುದರೊಳಗೆ ಎದುರುಮನೆಯ ನಿವೃತ್ತ ಸ್ಟೇಷನ್ ಮಾಸ್ಟರು ಒಂದು ಕೆನ್ನೆಗೆ ಕ್ಷೌರ ಮಾಡಿಕೊಂಡು, ಇನ್ನೊಂದು ಕೆನ್ನೆಯಲ್ಲಿ ನೊರೆ ಹೊತ್ತುಕೊಂಡೇ ಬಂದರು. ಪಕ್ಕದ ಮನೆಯ ದೊಡ್ಡಮ್ಮ ಸೌಟು ಹಿಡಿದೇ ಬಂದರು. ಇಬ್ಬರೂ ಒಂದೊಂದು ಕಾಲು ಹಿಡಿದು ಎಳೆದರು.

ಒಳಗಿನಿಂದ, ಬಾಯಲ್ಲಿ ಪೆನ್ಸಿಲ್ ಕಚ್ಚಿಕೊಂಡು, ತಲೆಗೂದಲ ತುಂಬ ಜೇಡನ ಬಲೆ ಅಂಟಿಸಿಕೊಂಡು, ರಕ್ಕಸಪ್ಪ ಜಾರಿ ಬಂದ. ಕಣ್ಣು ಪಿಳಿಪಿಳಿ ಬಿಟ್ಟ.

"ಜೀವ ಇದೆ," ಎಂದ ದರ್ಜಿ. ದನಿಯಲ್ಲಿ ಸ್ವಲ್ಪ ನಿರಾಸೆಯೂ ಇದ್ದಂತಿತ್ತು.

ರಕ್ಕಸಪ್ಪ ಎಂದರೆ ಆಳೇನೂ ರಕ್ಕಸನಂತಿರಲಿಲ್ಲ. ಕೊಡೆಯ ಕಡ್ಡಿಗೆ ಅಂಗಿ ತೊಡಿಸಿದಂತಿದ್ದ, ಜಿರಲೆ ಕಂಡರೆ ಕುರ್ಚಿ ಹತ್ತುವ ಸಾಧು ಪ್ರಾಣಿ. ಮಕ್ಕಳಿಗಾಗಿ ರಕ್ಕಸರ, ಮಾಯಾಕಾಡುಗಳ, ಮಾತಾಡುವ ಬೆಟ್ಟಗಳ ಕತೆ ಬರೆಯುತ್ತಿದ್ದನಾದ್ದರಿಂದ ಬೀದಿಯ ಮಕ್ಕಳು ಇಟ್ಟ ಹೆಸರು ಅದು. ಅವನು ಹೇಗೆ ಬರೆಯುತ್ತಾನೆಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಬೆಳಗಿನ ಹೊತ್ತು ಯಾರು ಬಂದರೂ ಹೆಂಡತಿ ಬಾಗಿಲಲ್ಲೇ ತಡೆದು, "ಧ್ಯಾನದಲ್ಲಿದ್ದಾರೆ," ಎಂದು ಕಳಿಸುತ್ತಿದ್ದಳು.

"ಇದೇನಾ ಧ್ಯಾನ?" ಎಂದರು ದೊಡ್ಡಮ್ಮ.

"ಅವರಿಗೆ ಕತೆ ಬರೋದು ಅಲ್ಲೇ ದೊಡ್ಡಮ್ಮ," ಎಂದಳು ಹೆಂಡತಿ ಸೆರಗಿನ ತುದಿ ತಿರುಚುತ್ತ. "ಮೇಜು ಮಾಡಿಸಿಕೊಟ್ಟೆ, ಅದರ ಮೇಲೆ ಇಸ್ತ್ರಿ ಹಾಕ್ತಿದೀನಿ. ನನಗೂ ನಾಚಿಕೆ. ಯಾರಿಗೆ ಅಂತ ಹೇಳ್ಲಿ?"

ರಕ್ಕಸಪ್ಪ ಮೆಲ್ಲಗೆ ಎದ್ದು ಕೂತ. "ಮೇಜಿನ ಎತ್ತರದಲ್ಲಿ ದೊಡ್ಡವರ ಯೋಚನೆಗಳೇ ಬರ್ತವೆ. ಬಾಡಿಗೆ, ಹಲ್ಲುನೋವು, ಇಂಥದ್ದು. ಮಕ್ಕಳ ಕತೆ ನೆಲದ ಹತ್ತಿರ ಓಡಾಡುತ್ತೆ. ಅಲ್ಲಿ ಕತ್ತಲಲ್ಲಿ ಅಂಗಾತ ಮಲಗಿ, ಕಣ್ಮುಚ್ಚಿ, ಕೊಡಪ್ಪಾ ಅಂತ ಬೇಡ್ಕೊಂಡು ಕಾಯ್ತೀನಿ. ಕೊಟ್ರೆ ಬರೀತೀನಿ. ಪೆನ್ನು ತಲೆಕೆಳಗಾದ್ರೆ ಬರೆಯಲ್ಲ, ಅದಕ್ಕೇ ಪೆನ್ಸಿಲ್."

ಮೂವರೂ ಏಕಕಾಲಕ್ಕೆ ಬಗ್ಗಿ ಮಂಚದ ಕೆಳಗೆ ನೋಡಿದರು. ಒಂದು ಹಳೆಯ ಪೆಟ್ಟಿಗೆ, ಜೊತೆ ಕಳೆದುಕೊಂಡ ಚಪ್ಪಲಿ, ಧೂಳಿನ ಉಂಡೆಗಳು. ಅಷ್ಟೇ.

"ಏನೂ ಕಾಣಲ್ವಲ್ಲ?" ಎಂದ ದರ್ಜಿ.

"ಈಗ ಹೇಗೆ ಕಾಣುತ್ತೆ? ಓಡಿಸಿದ್ರಲ್ಲ!" ಎಂದ ರಕ್ಕಸಪ್ಪ. "ಇವತ್ತು ಸಂಜೆ ಪ್ರಕಾಶಕಿ ಬರ್ತಾರೆ. ಕೊನೆಯ ಅಧ್ಯಾಯ ಅವರ ಕೈಗೆ ಕೊಡದಿದ್ರೆ ರಕ್ಕಸರ ಕತೆಗೇ ಬಾಗಿಲು ಹಾಕ್ತಾರಂತೆ. ಆಮೇಲೆ ನಾನು ಮಗ್ಗಿ ಪುಸ್ತಕ ಬರೀಬೇಕಂತೆ."

"ಮಗ್ಗಿ ಒಳ್ಳೇದೇ ಅಲ್ವಾ? ಕೊನೆ ಏನಾಗುತ್ತೋ ಅನ್ನೋ ಚಿಂತೆ ಇಲ್ಲ," ಎಂದರು ಮಾಸ್ಟರು.

ರಕ್ಕಸಪ್ಪ ಅವರನ್ನು ನೋಡಿದ ನೋಟಕ್ಕೆ ಕೆನ್ನೆಯ ನೊರೆ ಒಣಗಿತು.

ತೊಡಕಿದ್ದದ್ದು ಇಷ್ಟೇ. ಕತ್ತಲೆಂದರೆ ಹೆದರುವ ಒಂದು ಪುಟ್ಟ ರಕ್ಕಸಿ ಗುಹೆಯ ಬಾಗಿಲಿಗೆ ಬಂದು ನಿಂತಿದ್ದಳು. ಒಳಗೆ ಅವಳ ತಮ್ಮ ಸಿಕ್ಕಿಕೊಂಡಿದ್ದ. ಅವಳು ಕತ್ತಲೊಳಗೆ ಹೇಗೆ ಕಾಲಿಡುತ್ತಾಳೆ? ರಕ್ಕಸಪ್ಪನಿಗೆ ಗೊತ್ತಿರಲಿಲ್ಲ. ಬಹಳ ದಿನಗಳಿಂದ ಪಾಪ ಆ ಮಗು ಅಲ್ಲೇ ನಿಂತಿತ್ತು.

ವಿಷಯ ತಿಳಿದ ಮೇಲೆ ನೆರೆಯವರು ಸುಮ್ಮನಿರುತ್ತಾರೆಯೇ? ಸುಮ್ಮನಿದ್ದರೆ ಅವರನ್ನು ನೆರೆಯವರೆಂದು ಕರೆಯುವುದಾದರೂ ಏಕೆ! ದೊಡ್ಡಮ್ಮ ಪೊರಕೆ ತಂದರು. "ಇಷ್ಟು ಧೂಳಲ್ಲಿ ಕತೆ ಬರುತ್ತಾ, ಕೆಮ್ಮು ಬರುತ್ತೆ," ಎಂದು ಪೆಟ್ಟಿಗೆ ಎಳೆದು, ಬಲೆ ಬಾಚಿ, ಫಿನಾಯಿಲ್ ಹಾಕಿ ಒರೆಸಿದರು. ಮಾಸ್ಟರು ತಮ್ಮ ಮನೆಯ ಮೇಜುದೀಪ ತಂದು ಒಳಗಿಟ್ಟು ಹಚ್ಚಿದರು. ದರ್ಜಿ ಹೂವಿನ ಚಿತ್ತಾರದ ಮೆತ್ತೆ ಹಾಸಿ, "ಈಗ ಹೋಗಿ, ಹುಲಿ ಹಾಗೆ ಬರೀರಿ," ಎಂದು ಬೆನ್ನು ತಟ್ಟಿದ.

ರಕ್ಕಸಪ್ಪ ಒಳಗೆ ತೂರಿದ. ಮಂಚದ ಕೆಳಗಿನ ಗುಹೆ ಆಸ್ಪತ್ರೆಯ ವಾರ್ಡಿನಂತೆ ಹೊಳೆಯುತ್ತಿತ್ತು. ಫಿನಾಯಿಲಿನ ಘಾಟಿಗೆ ರಕ್ಕಸಿ ಹಾಗಿರಲಿ, ಇರುವೆಯೂ ಸುಳಿಯುವಂತಿರಲಿಲ್ಲ. ಕಣ್ಮುಚ್ಚಿದರೆ ರೆಪ್ಪೆಯೊಳಗೂ ದೀಪ. ಆರಿಸಿದರೆ, "ಬಲ್ಬ್ ಹೋಯ್ತಾ?" ಎಂದು ಮಾಸ್ಟರು ಬಗ್ಗಿ ನೋಡುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಅವನು ಪೆನ್ಸಿಲ್ ಹಿಡಿದು ಬೀದಿಗಿಳಿದ. ಬೇರೆ ಕತ್ತಲು ಹುಡುಕಬೇಕಿತ್ತು.

ಮೊದಲು ದರ್ಜಿಯ ಅಂಗಡಿ. ಕತ್ತರಿಸುವ ಮೇಜಿನ ಕೆಳಗೆ ಬಟ್ಟೆಚೂರುಗಳ ಗುಡ್ಡೆಯಲ್ಲಿ ಹುದುಗಿಕೊಂಡ. ಕತ್ತಲು ಹದವಾಗಿತ್ತು. ರಕ್ಕಸಿಯ ಹೆಜ್ಜೆ ಸಪ್ಪಳ ಕೇಳಿದಂತೆಯೂ ಆಯಿತು. ಅಷ್ಟರಲ್ಲಿ ಅಳತೆ ಕೊಡಲು ಬಂದ ಹೆಂಗಸೊಬ್ಬಳು ಅವನ ಬೆರಳ ಮೇಲೆ ನಿಂತಳು. ಅವನು ಕೂಗಿದ, ಅವಳು ಅದಕ್ಕಿಂತ ಜೋರಾಗಿ ಕೂಗಿದಳು. "ಹೆದರ್ಬೇಡಿ ತಾಯಿ, ಅವರು ಸಾಹಿತಿ," ಎಂದ ದರ್ಜಿ. ಅವಳು ಬಟ್ಟೆಯನ್ನೂ ಬಿಟ್ಟು ಓಡಿದಳು.

ಆಮೇಲೆ ಸ್ಟೇಷನ್ ಮಾಸ್ಟರ ಮನೆ. "ನಿಮ್ಮ ಮಂಚದ ಕೆಳಗೆ ಸ್ವಲ್ಪ ಜಾಗ ಆಗುತ್ತಾ?" ಎಂದು ರಕ್ಕಸಪ್ಪ ಕೇಳಿದ್ದೇ ತಡ, ಅವರು ಹಿಗ್ಗಿ ಹೀರೇಕಾಯಿಯಾದರು. ಅವನು ಕೆಳಗೆ, ಅವರು ಮೇಲೆ. ರಕ್ಕಸಪ್ಪ ಕಣ್ಮುಚ್ಚಿದ. ಆಮೇಲೆ ಮೇಲಿನಿಂದ ದನಿ:

"ಕತೆ ಎಲ್ಲಿಗೆ ಬಂತು?"

"ಗುಹೆ ಬಾಗಿಲಲ್ಲಿ ನಿಂತಿದೆ."

"ಯಾಕೆ, ಸಿಗ್ನಲ್ ಸಿಕ್ಕಿಲ್ವಾ?"

ರಕ್ಕಸಪ್ಪ ಹಲ್ಲು ಕಚ್ಚಿದ. ಮತ್ತೆ ಕಣ್ಮುಚ್ಚಿದ.

"ಈಗ?"

"ಅಲ್ಲೇ ಇದೆ."

"ಬಹಳ ತಡ ಓಡ್ತಿದೆ ರೀ ನಿಮ್ಮದು. ನನ್ನ ಕಾಲದಲ್ಲಾಗಿದ್ರೆ ಅವಳನ್ನ ಪಕ್ಕಕ್ಕೆ ಹಾಕಿ, ಹಿಂದಿನಿಂದ ಬರೋ ಕತೇನ ಮೊದಲು ಬಿಡ್ತಿದ್ದೆ."

ಇದನ್ನು ಕೇಳಿದ ಮೇಲೆ ದೇವರೇ ಬಂದು ಕತೆ ಹೇಳಿದರೂ ಕೇಳುವಂತಿರಲಿಲ್ಲ. ರಕ್ಕಸಪ್ಪ ಹೊರಗೆ ತೆವಳಿ ಎದ್ದ. ಬಿಸಿಲು ಇಳಿದಿತ್ತು. ಗಾಳಿಯೂ ದಣಿದು ಎಲ್ಲೋ ಕೂತಿತ್ತು. ಮಗ್ಗಿ ಪುಸ್ತಕದ ಮೊದಲ ಸಾಲು ತನ್ನಷ್ಟಕ್ಕೇ ಬಾಯಿಗೆ ಬರುತ್ತಿತ್ತು. ತಪ್ಪೊಪ್ಪಿಗೆಯ ಮಾತುಗಳನ್ನು ಜೋಡಿಸಿಕೊಳ್ಳುತ್ತ ಮನೆ ಸೇರಿದ.

ಮನೆಯೊಳಗೆ ದೀಪವಿರಲಿಲ್ಲ. ಮಲಗುವ ಕೋಣೆಯ ನೆಲದ ಮೇಲೆ ಅವನ ಹೆಂಡತಿ ಕೂತಿದ್ದಳು. ಅವಳ ಪಕ್ಕದಲ್ಲಿ, ಎಂದೂ ಕುರ್ಚಿಯನ್ನೂ ಒರೆಸದೆ ಕೂರದ ಪ್ರಕಾಶಕಿ, ಮಂಡಿ ಮಡಚಿ, ಕಿಟಕಿಯ ಮಬ್ಬು ಬೆಳಕಿಗೆ ಪುಸ್ತಕ ಹಿಡಿದು ಬರೆದುಕೊಳ್ಳುತ್ತ ಕೂತಿದ್ದರು. ಮಂಚದ ಕೆಳಗಿನಿಂದ ಎರಡು ಪಾದಗಳು ಹೊರಗೆ ಚಾಚಿದ್ದವು. ಬಿರುಕು ಬಿಟ್ಟ ಹಿಮ್ಮಡಿಗಳು. ದೊಡ್ಡಮ್ಮನವು.

"ಶ್ಶ್!" ಎಂದಳು ಹೆಂಡತಿ.

ಒಳಗೇನಿದೆಯೋ ನೋಡೇ ಬಿಡೋಣ ಎಂದು ದೊಡ್ಡಮ್ಮ ತೂರಿದ್ದರಂತೆ. ತೂರಿದವರು ದೀಪ ಆರಿಸಿದರಂತೆ. ಆಮೇಲೆ ಮಾತು ಶುರುವಾಯಿತಂತೆ. ಈಗ ಮಂಚವೇ ಮಾತಾಡುತ್ತಿದೆಯೆನ್ನುವ ಹಾಗೆ ದನಿ ಬರುತ್ತಿತ್ತು:

"...ಅವಳು ಒಳಗೆ ಹೋಗಲೇ ಇಲ್ಲ. ಬಾಗಿಲಲ್ಲೇ ಕೂತ್ಕೊಂಡು ಕತ್ತಲನ್ನ ಕರೆದ್ಲು. 'ಒಬ್ಬನೇ ಹೊರಗೆ ಬರೋಕೆ ಹೆದರಿಕೆನಾ? ಬಾ, ನನ್ನ ಕೈ ಹಿಡ್ಕೋ.' ಕತ್ತಲು ಹುಟ್ಟಿದಾಗಿಂದ ಯಾರೂ ಅದನ್ನ ಕರೆದಿರಲಿಲ್ಲ. ಮೆಲ್ಲಗೆ ಬಂತು. ಅವಳ ಕೈ ಹಿಡೀತು. ಕತ್ತಲು ಹೊರಗೆ ಬಂದ್ಮೇಲೆ ಗುಹೆಯೊಳಗೆ ಏನಿರುತ್ತೆ? ಬೆಳಕೇ. ತಮ್ಮ ಕುಣೀತಾ ಓಡಿಬಂದ. ಅವತ್ತಿಂದ ಅದು ದಿನಾ ಅವಳ ಜೊತೆ ಸುತ್ತಾಡೋಕೆ ಬರುತ್ತೆ. ಅದು ಬಂದಾಗ ನಾವು ಸಂಜೆಯಾಯ್ತು ಅಂತೀವಿ."

ಆ ಮಗು ಕೊನೆಗೂ ಬಾಗಿಲಿನಿಂದ ಕದಲಿತ್ತು.

ಪ್ರಕಾಶಕಿ ಕಣ್ಣೊರೆಸಿಕೊಂಡರು. "ಇದು ಕೊನೆ ಅಂದ್ರೆ! ಎಲ್ಲಾ ಬರ್ಕೊಂಡಿದೀನಿ. ಪುಸ್ತಕ ನಾಳೆಯೇ ಅಚ್ಚಿಗೆ." ರಕ್ಕಸಪ್ಪ ದೇವರಿಗೆ ಮನಸ್ಸಿನಲ್ಲೇ ಕೈಮುಗಿದ. ಪ್ರಕಾಶಕಿ ಅವನ ಕಡೆ ತಿರುಗಿದರು. "ನೀವು ಇನ್ನು ಹೀಗೆ ನರಳಬೇಕಾಗಿಲ್ಲ. ಮುಂದಿನ ರಕ್ಕಸರ ಕತೆಗಳನ್ನ ಇವರೇ ಹೇಳ್ತಾರೆ. ನೀವು ಬಿಡುವಾದ್ರಲ್ಲ, ಮಗ್ಗಿ ಪುಸ್ತಕ ಶುರುಮಾಡಿ. ಮೇಜಿನ ಮುಂದೆ ಕೂತು."

ಅವರು ಹೋದರು. ಹೆಂಡತಿ ಮೇಜಿನ ಮೇಲಿನ ಇಸ್ತ್ರಿ ಬಟ್ಟೆ ಎತ್ತತೊಡಗಿದಳು.

ದೊಡ್ಡಮ್ಮ ಹೊರಬಂದು ಸೊಂಟ ಹಿಡಿದು ನಿಂತರು. ರಕ್ಕಸಪ್ಪ ಅವರನ್ನೇ ದಿಟ್ಟಿಸಿದ. "ದೊಡ್ಡಮ್ಮ, ಅದು ನಿಮಗೆಲ್ಲಿ ಸಿಕ್ತು?"

"ಸಿಗೋದೇನು, ನೀನೇ ಹೇಳಿದ್ದಲ್ವೇನೋ," ಎಂದರು ದೊಡ್ಡಮ್ಮ ದನಿ ತಗ್ಗಿಸಿ. "ಆಗ ನೀನು ಇಷ್ಟುದ್ದ ಇದ್ದೆ. ಕರೆಂಟು ಹೋಗಿತ್ತು. ನಮ್ಮ ಮಂಚದ ಕೆಳಗೆ ಬಚ್ಚಿಟ್ಕೊಂಡು ಅಳ್ತಿದ್ದೆ. ಬಗ್ಗಿ ಕೈ ಚಾಚಿದ್ರೆ ನೀನೇ ನನ್ನ ಸಮಾಧಾನ ಮಾಡ್ದೆ, 'ಹೆದರ್ಬೇಡ ದೊಡ್ಡಮ್ಮ, ಕತ್ತಲಿಗೂ ಕೈ ಬೇಕಂತೆ' ಅಂತ. ನೀನು ಮರೆತೆ. ಒಳಗೆ ಮಲಗಿದ್ನಲ್ಲ, ನನಗೆ ನೆನಪಾಯ್ತು."

"ಅಯ್ಯೋ! ಇದನ್ನ ಅವರ ಮುಂದೆ ಹೇಳೋದಲ್ವಾ?"

"ಹೇಳೋಣ ಅಂತಲೇ ಬಾಯಿ ತೆಗೆದೆ ಕಣೋ. ಅಷ್ಟರಲ್ಲಿ ಆಕೆ 'ಮುಂದಿನ ಪುಸ್ತಕ ನಿಮ್ಮದು' ಅಂದ್ಲು." ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. "ಈ ವಯಸ್ಸಲ್ಲಿ ನನ್ನ ಯಾರು ಕೂರಿಸ್ಕೊಂಡು ಕತೆ ಕೇಳ್ತಾರೆ ಹೇಳು? ಬಾಯಿ ತಾನಾಗೇ ಮುಚ್ಕೊಂಡ್ತು. ನಾಳೆ ಬೆಳಗ್ಗೆ ಬೇಗ ಬರ್ತೀನಿ. ಮಂಚದ ಕೆಳಗೆ ನೀನಿರ್ಬೇಡ."

ಹೊಸ್ತಿಲವರೆಗೆ ಹೋದವರು ಏನೋ ನೆನೆಸಿಕೊಂಡು ತಿರುಗಿ ಬಂದರು. ಬಟ್ಟೆ ಎತ್ತುತ್ತಿದ್ದ ಹೆಂಡತಿಯ ಕಡೆ ನೋಡಿ, ಅವನ ಕಿವಿಯ ಹತ್ತಿರ ಬಗ್ಗಿದರು.

"ಒಂದು ಮಾತು ಆಕೆಗೆ ಹೇಳ್ಲಿಲ್ಲ. ಕತ್ತಲು ಕೈ ಹಿಡಿದಾಗ ಕೇಳುತ್ತೆ, 'ನಿನಗೂ ಹೆದರಿಕೆ ಆಗುತ್ತಾ?' ಅಂತ. ರಕ್ಕಸಿ ಅಂತಾಳೆ, 'ಆಗುತ್ತೆ. ಈಗ ಇಬ್ಬರಿದೀವಲ್ಲ.'" ಅವನ ಅಂಗೈಯನ್ನು ತೆರೆದು, ಅದರಲ್ಲಿ ಏನೋ ಇಟ್ಟವರಂತೆ, ಬೆರಳುಗಳನ್ನು ಒಂದೊಂದಾಗಿ ಮಡಚಿದರು. "ಅದು ನಿಂದೇ. ಇಟ್ಕೋ."