ಟವೆಲ್ಲುಗಳ ಪರೀಕ್ಷೆ

ಎಲ್ಲಾ ಅನಾಹುತಕ್ಕೂ ಕಾರಣ, ಹಿರಿಯ ಸಿಸ್ಟರ್ ಕಿವಿಯಲ್ಲಿ ಊದಿದ ಒಂದೇ ಒಂದು ಮಾತು.

“ನೋಡೋ ಹೌದಪ್ಪ, ಈ ಸಲ ಪರೀಕ್ಷೇಲಿ ಮರೆವಿನ ಅಜ್ಜಿ ಪಾರ್ಟು ಮಾಡೋದು ನಾಟಕದಾಕೆ. ಫೈಲು ಹಿಡ್ಕೊಂಡು ಬಂದು ‘ನಾನೇ ಪರೀಕ್ಷಕಿ’ ಅಂತಾಳೆ. ನಂಬಿಬಿಟ್ಟೀಯ ಮತ್ತೆ!”

“ಹೌದಕ್ಕ,” ಅಂದ ಹೌದಪ್ಪ.

ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಯಾರು ಏನಂದರೂ ಹೌದು ಅನ್ನುವ ಬಡಪಾಯಿ. ಯೂನಿವರ್ಸಿಟಿಯಲ್ಲಿ ಮರೆವಿನ ಕಾಯಿಲೆಯ ಬಗ್ಗೆ ಸಂಶೋಧನೆ ನಡೆಸುವ ವಿಭಾಗದ ವಾರ್ಡಿಗೆ ಬಟ್ಟೆ ಒಗೆಯುತ್ತಿದ್ದವನು, ಆರೈಕೆಯ ತರಬೇತಿಗೆ ಸೇರಿ, ಬರೀ ಗಾಬರಿಯಿಂದಲೇ ಎರಡು ಸಲ ಡುಮ್ಕಿ ಹೊಡೆದಿದ್ದ. ಇದು ಮೂರನೆಯದು, ಕೊನೆಯದು. ಪಾಸಾದರೆ ವಾರ್ಡಿನಲ್ಲಿ ಕಾಯಂ ಕೆಲಸ, ಇಲ್ಲದಿದ್ದರೆ ಮತ್ತೆ ಅದೇ ಸೋಪಿನ ನೊರೆ. ಪಾಪ, ಅಜ್ಜ ಅಜ್ಜಿಯರ ಜೊತೆ ಹರಟೋದು ಅಂದರೆ ಅವನಿಗೆ ಪ್ರಾಣ.

ಪರೀಕ್ಷೆ ಅಂದರೆ ಇಷ್ಟೇ. ಮರೆವಿನವರು ಏನೇ ಹೇಳಲಿ, ಎದುರಾಡಬಾರದು. ‘ನಿಮಗೆ ಮರೆವು’ ಅಂತ ಮುಖಕ್ಕೆ ಹೇಳಲೇಬಾರದು. ಅರ್ಧ ಗಂಟೆ ಅವರ ದಾರಿಯಲ್ಲೇ ನಡೆದು ಸಮಾಧಾನವಾಗಿ ಇಡಬೇಕು. ಹೌದಪ್ಪನಿಗೆ ಹೇಳಿ ಮಾಡಿಸಿದ ಹಾಗಿತ್ತು.

ವಾರ್ಡಿನ ಮೂಲೆಯ ಕುರ್ಚಿಯಲ್ಲಿ ಮುದುಕರೊಬ್ಬರು ತೂಕಡಿಸುತ್ತಿದ್ದರು. ಹೌದಪ್ಪ ಅವರಿಗೊಂದು ಶಾಲು ಹೊದಿಸಿ ತಿರುಗಿದ. ಬಾಗಿಲಲ್ಲಿ ಫೈಲು ಹಿಡಿದ ಹೆಂಗಸು!

“ಪರೀಕ್ಷಕಿ ನಾನು. ಎಲ್ಲಿ, ಏನು ಪರೀಕ್ಷೆ ಮಾಡ್ಬೇಕು?”

“ಬನ್ನಿ ಮೇಡಂ, ನಿಮ್ಮನ್ನೇ ಕಾಯ್ತಿದ್ದೆ. ಈ ಟವೆಲ್ಲು ನೆಟ್ಟಗೆ ಒಗೆದಿದಾರಾ ನೀವೇ ನೋಡಿ ಹೇಳ್ಬೇಕು.”

ಆಕೆ ಬುಟ್ಟಿ ಎಳೆದುಕೊಂಡು ಕೂತರು. “ಇದನ್ನ ಯಾವ ಸೋಂಬೇರಿ ಒಗೆದಿದ್ದು?”

ಒಗೆದವನು ಅವನೇ. “ಹೌದು ಮೇಡಂ, ಸೋಂಬೇರಿನೇ,” ಅಂದ.

ಆಕೆ ಕೆಂಪು ಪೆನ್ನು ತೆಗೆದು ಟವೆಲ್ಲಿನ ಮೇಲೇ ಏನೋ ಗೀಚಿದರು. ಹೌದಪ್ಪ ಹಲ್ಲುಕಚ್ಚಿ ಇನ್ನೊಂದು ಟವೆಲ್ಲು ಕೊಟ್ಟ. ಹೀಗೇ ಹನ್ನೊಂದು ಟವೆಲ್ಲಾಯಿತು. ಇನ್ನೇನು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ವಿಭಾಗದ ಮುಖ್ಯಸ್ಥರು ಒಳಗೆ ಇಣುಕಿ, ಆಕೆಗೆ ನಡು ಬಗ್ಗಿಸಿ ಕೈ ಮುಗಿದರು.

“ನಮಸ್ಕಾರ ಮೇಡಂ! ಪರೀಕ್ಷೆ ಹೇಗೆ ನಡೀತಿದೆ?”

“ಸುಮಾರಾಗಿದೆ,” ಅಂದರು ಆಕೆ ಗಂಭೀರವಾಗಿ, ಹನ್ನೆರಡನೆಯದಕ್ಕೆ ಪೆನ್ನು ಹಾಕುತ್ತಾ.

ಸಾಕ್ಷಾತ್ ಮುಖ್ಯಸ್ಥರೇ ಕೈ ಮುಗಿಯುತ್ತಾರೆ ಅಂದಮೇಲೆ ಈಕೆ ನಿಜವಾದ ಪರೀಕ್ಷಕಿಯೇ! ಆ ಸಿಸ್ಟರ್ ಮಾತಿಗೆ ಬೆಂಕಿ ಬೀಳ! ಅಂಥಾ ದೊಡ್ಡವರ ಕೈಯಲ್ಲಿ ಟವೆಲ್ಲು ಪರೀಕ್ಷೆ ಮಾಡಿಸಿಬಿಟ್ಟೆನಲ್ಲಾ ಅಂತ ಹೌದಪ್ಪ ದಡಕ್ಕನೆ ಅಡ್ಡಬಿದ್ದ.

“ಅಮ್ಮಾ, ತಪ್ಪಾಯ್ತು! ನಿಮಗೆ ಮರೆವು ಅಂದ್ಕೊಂಡ್ಬಿಟ್ಟೆ! ನೀವು ಅಜ್ಜಿ ಅಲ್ಲ!”

ಮೂಲೆಯಲ್ಲಿ ಶಾಲು ಸರಿಯಿತು. ಮುದುಕರು ಗಡಿಯಾರ ನೋಡಿ ನಿಟ್ಟುಸಿರು ಬಿಟ್ಟರು. “ಇಪ್ಪತ್ತೆಂಟು ನಿಮಿಷ. ಇನ್ನೆರಡೇ ನಿಮಿಷ ಇತ್ತಲ್ಲಯ್ಯಾ! ಪರೀಕ್ಷಕ ನಾನು. ಶಾಲು ಹೊದಿಸಿದಾಗಲೇ ಪಾಸು ಮಾಡೋಣ ಅಂತಿದ್ದೆ. ಮುಖಕ್ಕೇ ಮರೆವು ಅಂದ್ಬಿಟ್ಯಲ್ಲ, ಫೇಲು.”

“ಅಯ್ಯೋ, ಎಷ್ಟು ಚೆನ್ನಾಗಿ ಹೋಗ್ತಿತ್ತು!” ಅಂತ ನಾಟಕದಾಕೆ ಫೈಲು ಮಡಚಿದರು.

“ಮತ್ತೆ ಸಾರ್, ನೀವು ಕೈ ಮುಗಿದದ್ದು?” ಹೌದಪ್ಪ ಅಳುಮೋರೆಯಲ್ಲಿ ಮುಖ್ಯಸ್ಥರನ್ನು ಕೇಳಿದ.

“ನಿಯಮ ನನಗೂ ಒಂದೇ ಅಲ್ವೇನೋ? ಅವರು ಪರೀಕ್ಷಕಿ ಅಂದ್ರೆ ಪರೀಕ್ಷಕಿ!”

ಹುಟ್ಟಿದಾಗಿನಿಂದ ಯಾರಿಗೂ ‘ಅಲ್ಲ’ ಅನ್ನದವನು, ಅಂದದ್ದು ಅದೊಂದೇ ಸಲ.

ಸಂಜೆ ಹೌದಪ್ಪ ಬುಟ್ಟಿ ಹೊತ್ತು ಹಳೇ ನೊರೆಯ ಮುಂದೆ ಕೂತ. ಒಂದೊಂದೇ ಟವೆಲ್ಲು ಬಿಡಿಸಿದ. ಹನ್ನೆರಡರ ಮೇಲೂ ಕೆಂಪು ಶಾಯಿಯಲ್ಲಿ ದಪ್ಪಕ್ಷರ: ‘ಪಾಸ್’. ಎಷ್ಟು ಉಜ್ಜಿದರೂ ಹೋಗಲಿಲ್ಲ.